ಗಡಿಯಾರದವನು ಕಂಡ ಕೆಲಸ

ಇಸ್ತ್ರಿ ರೋಲರಿನಿಂದ ಹಾಸುಬಟ್ಟೆ ಹಬೆಯಾಡುತ್ತ ಹೊರಬಂತು. ದೊಡ್ಡಕ್ಕ ಅದರ ಎರಡು ಮೂಲೆ ಹಿಡಿದಳು, ಎದುರಿಗಿದ್ದ, ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದ ಹೆಂಗಸು ಇನ್ನೆರಡು ಮೂಲೆ ಹಿಡಿದಳು. ಒಮ್ಮೆ ಜಗ್ಗಿ, ಒಮ್ಮೆ ಕೊಡವಿ, ನಡುವಿಗೆ ಮಡಚಿ, ಒಬ್ಬರ ಕಡೆಗೊಬ್ಬರು ನಡೆದುಬಂದು ಬೆರಳಿಗೆ ಬೆರಳು ತಾಗಿಸಿ ಮೂಲೆಗಳನ್ನು ಕೂಡಿಸುವುದು, ಹಿಂದೆ ಸರಿಯುವುದು, ಮತ್ತೆ ಬರುವುದು. ಇಷ್ಟು ಮಾಡುವಾಗ ಇಬ್ಬರೂ ಬಟ್ಟೆಯ ಕಡೆ ನೋಡುತ್ತಲೇ ಇರಲಿಲ್ಲ. ಬಟ್ಟೆ ತನ್ನ ಪಾಡಿಗೆ ಮಡಿಕೆಯಾಗುತ್ತಿತ್ತು, ಮಾತು ತನ್ನ ಪಾಡಿಗೆ ಸಾಗುತ್ತಿತ್ತು.

"ನಾನೊಂದು ಉಪಾಯ ಮಾಡಿದೀನಿ ದೊಡ್ಡಕ್ಕ," ಅಂದಳು ರೇಡಿಯೋ. "ಇನ್ಮೇಲೆ ನಾವು ಮೂರೇ ಮೂಲೆ ಹಿಡಿಯೋದು. ನಾಲ್ಕನೇದನ್ನ ಆಡಳಿತಾಧಿಕಾರಿ ಸಾಹೇಬರು ಬಂದು ಹಿಡ್ಕೊಳ್ಳಲಿ. ಸಂಬಳದಲ್ಲಿ ಕಾಲುಭಾಗ ಅವರು ಇಟ್ಕೊಂಡ್ರಲ್ಲ, ಬಟ್ಟೇಲೂ ಕಾಲುಭಾಗ ಅವರದ್ದೇ."

ದಿಂಬಿನ ಚೀಲ ಮಡಚುತ್ತಿದ್ದ ಹೆಂಗಸರು ಕಿಸಕ್ಕೆಂದು ನಕ್ಕರು. ದೊಡ್ಡಕ್ಕ ನಗಲಿಲ್ಲ.

"ಬಾಯಿ ಸಾಕು, ಕೈ ಆಡಿಸು."

"ಕೈ ಆಡ್ಸಿ ಆಡ್ಸೀನೇ ತಾನೆ ಈ ಗತಿ ಬಂದಿದ್ದು..." ಅಂದ ರೇಡಿಯೋ ತಟ್ಟನೆ ನಾಲಿಗೆ ಕಚ್ಚಿಕೊಂಡಳು. ನಗು ನಿಂತಿತು. ರೋಲರಿನ ಗೊರಗೊರ ಸದ್ದು, ಆಚೆ ಕೋಣೆಯಲ್ಲಿ ನೀರು ತಿರುಗುವ ಸದ್ದು, ಕಿಟಕಿಯ ಕೆಳಗಿನ ಹೊಲಿಗೆ ಯಂತ್ರದ ಟಕಟಕ, ಇಷ್ಟೇ ಉಳಿಯಿತು. ದೊಡ್ಡಕ್ಕ ಮುಂದಿನ ಹಾಸುಬಟ್ಟೆಗೆ ಕೈ ಚಾಚಿದಳು. ಬಟ್ಟೆ ಎಂದಿಗಿಂತ ಬಿಸಿಯಾಗಿದೆ ಅನ್ನಿಸಿತು.

ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗ ಅದು. ನೆಲಮಾಳಿಗೆಯಲ್ಲಿತ್ತು. ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಸಣ್ಣ ಸಣ್ಣ ಕಿಟಕಿಗಳು. ಅವುಗಳಿಂದ ರಸ್ತೆಯಲ್ಲಿ ಓಡಾಡುವವರ ಪಾದಗಳು ಮಾತ್ರ ಕಾಣುತ್ತಿದ್ದವು. ಮೇಲಿನ ವಾರ್ಡುಗಳಲ್ಲಿ ಬೆಳಗಾದರೆ ಬೀರುವಿನ ತುಂಬ ಬಿಳಿ ಬಟ್ಟೆ ಇರುತ್ತಿತ್ತು. ಅದು ಎಲ್ಲಿಂದ ಬಂತೆಂದು ಯಾರೂ ಕೇಳಿದವರಲ್ಲ. ನಲ್ಲಿ ತಿರುಗಿಸಿದರೆ ನೀರು ಬರುವ ಹಾಗೆ ಬೀರು ತೆರೆದರೆ ಹಾಸುಬಟ್ಟೆ ಬರುತ್ತಿತ್ತು. ಇಲ್ಲಿನ ಹೆಂಗಸರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ರೂಢಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಬಾಯಿಗೆ ಬೀಗವಿಲ್ಲದವಳು ರೇಡಿಯೋ. ಹರಿದದ್ದನ್ನು ಹೊಲಿಯುವ ಮುದುಕಿ ಸೂಜಿಯಮ್ಮ. ತೊಳೆಯುವ ಕೆಲಸಕ್ಕೆ ಸೇರಿ, ಮಡಚುವುದಕ್ಕೆ ಬಂದು, ಕೊನೆಗೆ ಪಾಳಿಯ ಮೇಲ್ವಿಚಾರಕಿಯಾದವಳು ದೊಡ್ಡಕ್ಕ. ಮೇಲ್ವಿಚಾರಕಿ ಅಂದರೆ ಮೇಜು ಕುರ್ಚಿಯೇನೂ ಇಲ್ಲ. ಎಲ್ಲರ ಜೊತೆ ಕೆಲಸ ಮಾಡುತ್ತಲೇ ಎಲ್ಲರ ಕೆಲಸಕ್ಕೂ ಜವಾಬ್ದಾರಿ ಹೊರುವುದು, ಅದಕ್ಕೊಂದು ಸಣ್ಣ ಭತ್ಯೆ.

ಬಾಗಿಲ ಪಕ್ಕದ ಹಲಗೆಯ ಮೇಲೆ ಸೋಮವಾರವೇ ನೋಟಿಸು ಬಂದು ಕೂತಿತ್ತು. ಖಜಾನೆಗೆ ಕಷ್ಟ ಬಂದಿದೆ, ಎಲ್ಲ ವಿಭಾಗಗಳೂ ಕೈ ಬಿಗಿ ಹಿಡಿಯಬೇಕು ಎಂಬ ಪೀಠಿಕೆಯ ಕೆಳಗೆ ಅಸಲು ವಿಷಯವಿತ್ತು. ಬಟ್ಟೆ ವಿಭಾಗದ ಕೆಲಸವನ್ನು ಅಳೆದು ನೋಡಲಾಗಿದೆ. ದಿನಕ್ಕೆ ಎಂಟು ಗಂಟೆಯ ಸಂಬಳ ಕೊಡುತ್ತಿದ್ದರೂ ಅಲ್ಲಿರುವ ಕೆಲಸ ಆರು ಗಂಟೆಯದು ಮಾತ್ರ. ಆದ್ದರಿಂದ ಇನ್ನು ಮುಂದೆ ಆರು ಗಂಟೆಯ ಸಂಬಳ. ಹೊಸ ಒಪ್ಪಂದಕ್ಕೆ ವಾರದೊಳಗೆ ಸಹಿ ಹಾಕತಕ್ಕದ್ದು, ಹಾಕದವರಿಗೆ ಕೆಲಸದಲ್ಲಿ ಆಸಕ್ತಿಯಿಲ್ಲವೆಂದು ತಿಳಿಯಲಾಗುವುದು.

ಓದಿದವರೆಲ್ಲ ಮೊದಲು ಹಲಗೆಯ ಕಡೆ ನೋಡಿದರು, ಆಮೇಲೆ ದೊಡ್ಡಕ್ಕನ ಕಡೆ ನೋಡಿದರು, ಆಮೇಲೆ ಬೇರೆಲ್ಲೋ ನೋಡಿದರು.

ಅಳೆಯಲು ಬಂದಿದ್ದವನನ್ನು ಅವರು ಗಡಿಯಾರದವನು ಎಂದು ಕರೆಯುತ್ತಿದ್ದರು. ತೆಳ್ಳಗಿನ, ಮೆಲುದನಿಯ ಮನುಷ್ಯ. ಅವನು ಬರುವ ಸುದ್ದಿ ಹಿಂದಿನ ದಿನವೇ ತಿಳಿದಿತ್ತು. ಯಾರಾದರೂ ತಪಾಸಣೆಗೆ ಬರುತ್ತಾರೆಂದರೆ ಆ ವಿಭಾಗದಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ನೆಲ ತೊಳೆದು, ಯಂತ್ರಗಳನ್ನು ಒರೆಸಿ, ಮೈ ಕೊಡವಿ ನಿಲ್ಲುವುದು. ಅಂದು ಸಂಜೆ ದೊಡ್ಡಕ್ಕ ಎಲ್ಲರನ್ನೂ ಸೇರಿಸಿ ಹೇಳಿದ್ದಳು: "ಮನೆಗೆ ನೆಂಟರು ಬಂದ್ರೆ ಹರಿದ ಹೊದಿಕೆ ಹೊರಗೆ ತೆಗೀತೀವೇನ್ರೇ? ಈ ಹೊಂಡದಲ್ಲಿರೋರನ್ನ ನೋಡೋಕೆ ಒಬ್ಬ ಮನುಷ್ಯ ಇಳಿದು ಬರ್ತಿದಾನೆ. ಕಣ್ಣು ತುಂಬ ನೋಡ್ಕೊಂಡು ಹೋಗ್ಲಿ."

ಅವನಿದ್ದಷ್ಟು ದಿನ ಎಲ್ಲರೂ ಹೊತ್ತಿಗೆ ಮುಂಚೆ ಬಂದರು. ರಾತ್ರಿಯ ಒದ್ದೆ ಬಟ್ಟೆಯ ರಾಶಿಯನ್ನು ಅವನು ಬರುವಷ್ಟರಲ್ಲೇ ಅರ್ಧ ಕರಗಿಸಿದರು. ಚಹಾಕ್ಕೆ ಹೋಗಲಿಲ್ಲ. ಕಾಲು ನೋವಿನವಳು ಕೂರಲಿಲ್ಲ. ರೇಡಿಯೋ ಮಾತಾಡಲಿಲ್ಲ, ಅದೇ ಒಂದು ಪವಾಡ. ಟ್ರಾಲಿಗಳನ್ನು ನಡೆಸುತ್ತಿದ್ದ ಕಡೆ ಓಡಿಸಿದರು. ಗಡಿಯಾರದವನು ಮೂಲೆಯಲ್ಲಿ ನಿಂತು, ಗುಂಡಿ ಒತ್ತುತ್ತ, ಬರೆದುಕೊಳ್ಳುತ್ತ, ಯಾರಿಗೂ ಅಡ್ಡ ಬರದಂತೆ ಗೋಡೆಗೆ ಅಂಟಿಕೊಂಡಿದ್ದ. ಹೊರಡುವ ದಿನ ದೊಡ್ಡಕ್ಕನ ಹತ್ತಿರ ಬಂದು, "ಇಷ್ಟು ಚುರುಕಾದ ವಿಭಾಗ ನಾನು ಎಲ್ಲೂ ನೋಡಿಲ್ಲಮ್ಮ. ದಿನಾ ಹೀಗೇನಾ?" ಎಂದು ಕೇಳಿದ.

"ನಮ್ಮಲ್ಲಿ ಯಾವತ್ತೂ ಹೀಗೇ," ಅಂದಿದ್ದಳು ಅವಳು.

ಅವನು ಅದನ್ನೂ ಬರೆದುಕೊಂಡ.

ಅವನು ಮೋಸಗಾರನಲ್ಲ. ಅದೇ ಅವಳನ್ನು ಹೆಚ್ಚು ಕೊರೆಯುತ್ತಿದ್ದುದು. ಕಂಡದ್ದನ್ನು ಬರೆದ, ಕೇಳಿದ್ದನ್ನು ಬರೆದ. ಅಂದು ಮನೆಗೆ ಹೋಗಿ ಬಡಿಸುವಾಗ ಅವಳು ಅವನ ಮಾತನ್ನು ಗಂಡನಿಗೂ ಮಗಳಿಗೂ ಎರಡೆರಡು ಸಲ ಹೇಳಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನ ಕೈಗಳನ್ನು ಯಾರೋ ನಿಂತು ನೋಡಿದರು ಎಂಬ ಸಂತೋಷ ಆಕೆಗೆ ನೆತ್ತಿಗೇರಿತ್ತು. ಈಗ ನೆನೆದರೆ ಕಿವಿ ಬಿಸಿಯಾಗುತ್ತಿತ್ತು.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಡ್ರೈವರಣ್ಣ ಮೆಟ್ಟಿಲಿಳಿದು ಬಂದ. ಆಂಬುಲೆನ್ಸ್ ಓಡಿಸುವ ಅವನು ಕೆಲಸಗಾರರ ಸಂಘದ ಕಾರ್ಯದರ್ಶಿಯೂ ಹೌದು. ಗಾಡಿಯಲ್ಲಿ ಕೂತು ಕೂತು ಅಭ್ಯಾಸವಾಗಿ ಎಲ್ಲಿ ಹೋದರೂ ಹೊರಡುವ ಅವಸರದಲ್ಲೇ ಇರುತ್ತಿದ್ದ.

"ಯಾರೂ ಸಹಿ ಹಾಕಿಲ್ಲ ತಾನೆ? ಹಾಕ್ಬೇಡಿ," ಅಂದ. "ಗುರುವಾರ ಕಾರ್ಮಿಕ ಅಧಿಕಾರಿ ಬರ್ತಾರೆ, ಇಲ್ಲೇ ಮೇಲಿನ ಮಹಡೀಲಿ ವಿಚಾರಣೆ. ಸಂಬಳ ಇಳಿಸೋಕೆ ಮುಂಚೆ ನಮ್ಮನ್ನ ಕೂರಿಸಿ ಕೇಳ್ಬೇಕು, ಅದು ನಮ್ಮ ಹಕ್ಕು. ಅವರು ಕೇಳಿಲ್ಲ. ಆದ್ರೆ ಕೇಳೋದೇನಿದೆ, ಅಳತೇನೇ ಹೇಳ್ತಿದೆಯಲ್ಲ ಅಂತಾರೆ. ಆ ಅಳತೆ ಸುಳ್ಳು ಅಂತ ನಾವು ತೋರಿಸ್ಬೇಕು."

"ಸುಳ್ಳು ಹೇಗಾಗುತ್ತೆ ಡ್ರೈವರಣ್ಣ? ಮಾಡಿದೋರು ನಾವೇ," ಅಂದಳು ದೊಡ್ಡಕ್ಕ.

"ದಿನಾ ಹಾಗೇ ಮಾಡ್ತೀರಾ?"

"ದಿನಾ ಮಾಡಿದ್ರೆ ವಾರದೊಳಗೆ ನಮ್ಮನ್ನೇ ಈ ಬಟ್ಟೇಲಿ ಸುತ್ತಿ ಕಳಿಸ್ಬೇಕಾಗುತ್ತೆ," ಅಂದಳು ರೇಡಿಯೋ.

"ಅಷ್ಟೇ ಹೇಳಿ ಸಾಕು. ಆದ್ರೆ ನೀನು ಹೇಳಿದ್ರೆ ಆಗಲ್ಲ ತಾಯಿ, ನಿನ್ನ ಮಾತು ಮುಗಿಯೋ ಹೊತ್ತಿಗೆ ಅಧಿಕಾರಿ ನಿವೃತ್ತಿ ಆಗಿರ್ತಾರೆ." ಅವನು ದೊಡ್ಡಕ್ಕನ ಕಡೆ ತಿರುಗಿದ. "ಯಾವತ್ತೂ ಹೀಗೇ ಅಂತ ಅಂದವರು ನೀವು. ಹಾಗಲ್ಲ ಅಂತಲೂ ನೀವೇ ಹೇಳ್ಬೇಕು. ಮಾಮೂಲಿ ದಿನ ಹೇಗಿರುತ್ತೆ, ಯಾರ್ಯಾರು ಯಾವ್ಯಾವ ಕೆಲಸ ಮಾಡ್ತಾರೆ, ಒಬ್ಬೊಬ್ಬರದ್ದೂ ಬಿಡಿಸಿ ಕೇಳ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ. ಒಂದು ಕಡೆ ಮುಚ್ಚಿಟ್ರೆ ಅವರ ವಕೀಲ ಅಲ್ಲೇ ಹಿಡ್ಕೋತಾನೆ, ಆಮೇಲೆ ಉಳಿದದ್ದನ್ನೂ ಯಾರೂ ನಂಬಲ್ಲ."

ಒಬ್ಬೊಬ್ಬರದ್ದೂ ಅಂದಾಗ ಕಿಟಕಿಯ ಕೆಳಗಿನ ಹೊಲಿಗೆ ಯಂತ್ರ ನಿಂತಿತು. ಊಟದ ಹೊತ್ತಿನಲ್ಲೂ ಸೂಜಿಯಮ್ಮ ರೋಗಿಯ ಗೌನೊಂದರ ಕಿತ್ತುಬಂದ ಕಟ್ಟುದಾರ ಹೊಲಿಯುತ್ತಿದ್ದಳು. ಈಗ ಬಾಗಿ ಹಲ್ಲಿನಿಂದ ನೂಲು ಕಡಿದು, ಗೌನನ್ನು ತಿರುಗಿಸಿ, ಮತ್ತೆ ತುಳಿಯತೊಡಗಿದಳು. ಡ್ರೈವರಣ್ಣ ಗಮನಿಸಲಿಲ್ಲ. ಹೆಂಗಸರೆಲ್ಲ ಗಮನಿಸಿದರು. ಯಾರೂ ತಲೆಯೆತ್ತಲಿಲ್ಲ.

ಸರ್ಕಾರದ ದಾಖಲೆಯಲ್ಲಿ ಸೂಜಿಯಮ್ಮ ಹೊಲಿಯುವವಳಲ್ಲ, ತೊಳೆಯುವವಳು. ಒದ್ದೆ ಬಟ್ಟೆ ತುಂಬಿದ ಟ್ರಾಲಿ ತಳ್ಳುವುದು, ಯಂತ್ರದಿಂದ ಬಟ್ಟೆ ಎತ್ತಿ ಡ್ರೈಯರಿಗೆ ಹಾಕುವುದು ಅವಳ ಕೆಲಸ. ಹೊಲಿಯುವವರ ಹುದ್ದೆಯನ್ನು ಎಷ್ಟೋ ಹಿಂದೆಯೇ ರದ್ದು ಮಾಡಿದ್ದರು. ಹರಿದದ್ದನ್ನು ಬಿಸಾಡಿ, ಹೊಸದು ಕೊಡುತ್ತೇವೆ ಅಂದಿದ್ದರು. ಹೊಸದು ಬರಲಿಲ್ಲ. ಯಂತ್ರ ಮೂಲೆಯಲ್ಲಿ ದೂಳು ತಿನ್ನುತ್ತ ಬಿದ್ದಿತ್ತು. ಅಷ್ಟರಲ್ಲಿ ಸೂಜಿಯಮ್ಮನ ಬಲಭುಜ ಕೆಟ್ಟಿತು. ತೋಳು ಎದೆಯ ಮಟ್ಟಕ್ಕಿಂತ ಮೇಲೆ ಏಳದಾಯಿತು. ಆವತ್ತಿನಿಂದ ಅವಳು ಹೊಲಿಯುತ್ತಿದ್ದಳು, ಅವಳ ಪಾಲಿನ ಒದ್ದೆ ಬಟ್ಟೆಯನ್ನು ಉಳಿದವರು ಹಂಚಿಕೊಳ್ಳುತ್ತಿದ್ದರು. ಅವಳು ಹೊಲಿಯದಿದ್ದರೆ ಅರ್ಧ ಆಸ್ಪತ್ರೆ ಬರಿಯ ಹಾಸಿಗೆಯ ಮೇಲೆ ಮಲಗಬೇಕಿತ್ತು. ಗಡಿಯಾರದವನ ಮುಂದೆ ಮಾತ್ರ ಅವಳನ್ನು ದಿಂಬಿನ ಚೀಲಗಳ ಮುಂದೆ ಕೂರಿಸಿ, ಅವಳ ಟ್ರಾಲಿಗಳನ್ನು ಬೆಳಕು ಹರಿಯುವ ಮುಂಚೆಯೇ ಮುಗಿಸಿಟ್ಟಿದ್ದರು.

ಪಿಂಚಣಿಗೆ ಅವಳಿಗಿನ್ನೂ ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು ಬೇಕಿತ್ತು. ಮನೆಯಲ್ಲಿ ಕಣ್ಣು ಕಾಣದ ತಂಗಿ. ನೇಮಕವಾದ ಕೆಲಸ ಮಾಡಲಾರಳು ಎಂದು ಗೊತ್ತಾದರೆ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಿಸುತ್ತಾರೆ. ಬೋರ್ಡು ಕೆಲಸಕ್ಕೆ ಅನರ್ಹಳು ಎಂಬ ಒಂದೇ ಮಾತು ಬರೆಯುತ್ತದೆ. ಅದಾದ ಮೇಲೆ ಆಕೆಗೆ ಪಿಂಚಣಿಯೂ ಇಲ್ಲ, ಸಂಬಳವೂ ಇಲ್ಲ.

ಇದ್ದದ್ದನ್ನು ಹೇಳಿದರೆ ಸೂಜಿಯಮ್ಮ ಹೋಗುತ್ತಾಳೆ. ಹೇಳದಿದ್ದರೆ ಎಲ್ಲರ ಕಾಲುಭಾಗ ಸಂಬಳ ಹೋಗುತ್ತದೆ. ದೊಡ್ಡಕ್ಕ ಊಟದ ಡಬ್ಬಿಯ ಮುಚ್ಚಳ ಹಾಕಿದಳು. ಅರ್ಧ ಊಟ ಹಾಗೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಸೂಜಿಯಮ್ಮ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ, ಒದ್ದೆ ಟ್ರಾಲಿಯ ಹಿಂದೆ ನಿಂತಿದ್ದಳು.

"ಏನಿದು ಸೂಜಿಯಮ್ಮ?"

"ಏನು ಅಂದ್ರೆ? ಸರ್ಕಾರ ನನ್ನ ಸೇರಿಸ್ಕೊಂಡಿದ್ದು ಇದಕ್ಕೇ ತಾನೆ. ಜಾಗ ಬಿಡು."

ಎಡಗೈಯನ್ನೂ ಹೊಟ್ಟೆಯನ್ನೂ ಊರಿ ಅವಳು ಟ್ರಾಲಿಯನ್ನು ತಳ್ಳಿದಳು. ಅದು ಕದಲಿತು. ಚಕ್ರ ಕಿರ್ರೆಂದಿತು. ತೊಳೆಯುವ ಕೋಣೆಯ ಬಾಗಿಲಿಂದ ಡ್ರೈಯರಿನವರೆಗೆ ನೆಲ ಸ್ವಲ್ಪ ಏರು. ನೀರು ಹರಿದುಹೋಗಲೆಂದು ಕಟ್ಟಿದವರು ಹಾಗೆ ಮಾಡಿದ್ದರು. ಯಾರಿಗೂ ಕಣ್ಣಿಗೆ ಕಾಣದ ಏರು ಅದು, ಟ್ರಾಲಿ ತಳ್ಳುವವರಿಗೆ ಮಾತ್ರ ಗೊತ್ತು. ಏರಿನ ನಡುವೆ ಟ್ರಾಲಿ ನಿಂತಿತು. ಸೂಜಿಯಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿಕೆಯ ಮೇಲಿಟ್ಟಳು. ಟ್ರಾಲಿ ಒಂದಿಷ್ಟು ಹಿಂದಕ್ಕೇ ಜಾರಿತು. ಅವಳು ಹಿಮ್ಮಡಿ ಊರಿ ತಡೆದಳು.

ಯಾರೂ ಹತ್ತಿರ ಹೋಗಲಿಲ್ಲ. ಹೋಗಬಾರದೆಂದು ಎಲ್ಲರಿಗೂ ಗೊತ್ತಿತ್ತು. ರೇಡಿಯೋ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಇನ್ನೊಬ್ಬಳು ಸೋಪಿನ ಡಬ್ಬ ಎತ್ತಿ ಅದರ ಮೇಲಿನ ಅಕ್ಷರ ಓದತೊಡಗಿದಳು, ಅವಳಿಗೆ ಓದು ಬರುತ್ತಿರಲಿಲ್ಲ. ಸೂಜಿಯಮ್ಮನ ಕತ್ತಿನ ನರ ಉಬ್ಬಿ ನಿಂತಿತ್ತು. ತುಟಿಯ ಮೇಲೆ ಬೆವರು. ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವಳ ಚಪ್ಪಲಿಯ ಸುತ್ತ ಹರಡುತ್ತಿತ್ತು.

ದೊಡ್ಡಕ್ಕ ಬೇರೆಲ್ಲಿಗೋ ಹೊರಟವಳಂತೆ ಆ ದಾರಿಯಲ್ಲೇ ಬಂದಳು. ಬಂದವಳು ಹಿಡಿಕೆಯ ಇನ್ನೊಂದು ತುದಿಗೆ ಕೈ ಹಾಕಿ, "ಡ್ರೈಯರಿನ ಹತ್ರ ನಂಗೂ ಕೆಲಸ ಇದೆ. ನಡೀರಿ," ಅಂದಳು. ಇಬ್ಬರೂ ಏರನ್ನು ದಾಟಿದರು.

ಡ್ರೈಯರಿನ ಹಿಂದಿನ ಬೆಚ್ಚನೆಯ ಸಂದಿಯಲ್ಲಿ ಸೂಜಿಯಮ್ಮ ಗೋಡೆಗೆ ಒರಗಿ ನಿಂತಳು. ಬಹಳ ಹೊತ್ತು ಉಸಿರು ತೆಗೆದುಕೊಂಡಳು.

"ನೋಡ್ದೆಯಲ್ಲ," ಅಂದಳು.

"ಏನೂ ನೋಡಿಲ್ಲ."

"ಬಾಯಿ ಮುಚ್ಚು. ಸುಳ್ಳು ಹೇಳೋಕೂ ಮುಖ ಬೇಕು, ನಿನಗಿಲ್ಲ." ಅವಳು ಬಲ ತೋಳನ್ನು ಮಗುವನ್ನು ಎತ್ತಿಕೊಂಡಂತೆ ಎದೆಗೆ ಒತ್ತಿಕೊಂಡಿದ್ದಳು. "ಗುರುವಾರ ನನ್ನ ವಿಷಯ ಹೇಳಿಬಿಡು. ನನ್ನೊಬ್ಬಳ ಮೇಲೆ ಕರುಣೆ ತೋರ್ಸೋಕೆ ಹೋಗಿ ಇಷ್ಟು ಜನರ ಅನ್ನಕ್ಕೆ ಕಲ್ಲು ಹಾಕ್ಬೇಡ. ಆ ರೇಡಿಯೋಗೆ ಎರಡು ಸಣ್ಣ ಮಕ್ಕಳಿದಾವೆ."

"ನಿಮ್ಮ ತಂಗಿ?"

"ಅವಳಿಗೆ ಹೇಗೂ ಕಣ್ಣು ಕಾಣಲ್ಲ. ತಟ್ಟೇಲಿ ಎಷ್ಟು ಬಿತ್ತು ಅಂತ ಗೊತ್ತಾಗಲ್ಲ." ತನ್ನ ಮಾತಿಗೆ ತಾನೇ ನಗಲು ನೋಡಿದಳು, ಆಗಲಿಲ್ಲ. "ಹೋಗು. ಬಟ್ಟೆ ಕಾಯ್ತಿದೆ."

ಅಂದು ಸಂಜೆ ಮನೆಯಲ್ಲಿ ದೊಡ್ಡಕ್ಕ ತರಕಾರಿ ಹೆಚ್ಚುತ್ತ ಕೂತಿದ್ದಳು. ಗಂಡ ಬೀಗ ರಿಪೇರಿಯ ಅಂಗಡಿ ಮುಚ್ಚಿ ಬಂದು, ಬೆರಳಿನ ಎಣ್ಣೆಕಪ್ಪನ್ನು ತಿಕ್ಕಿ ತೊಳೆಯುತ್ತಿದ್ದ. ಮಗಳು ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು.

"ಇಷ್ಟೊಂದು ತಲೆ ಕೆಡಿಸ್ಕೊಳ್ಳೋಕೆ ಏನಿದೆ?" ಅಂದ ಗಂಡ. "ಸುಮ್ನೆ ಸಹಿ ಹಾಕು. ಕಾಲುಭಾಗ ಹೋದ್ರೂ ಮೇಲ್ವಿಚಾರಕಿ ಭತ್ಯೆ ಉಳಿಯುತ್ತಲ್ಲ. ಎದುರಿಗೆ ಹೋಗಿ ನಿಂತೆ ಅನ್ಕೋ, ಮೊದಲು ಕೀಳೋದು ಅದನ್ನೇ. ಹುಲಿ ಬಾಯಿಗೆ ಕೈ ಹಾಕೋ ಕೆಲಸ ನಮಗ್ಯಾಕೆ?"

"ನಾನೇ ಅಲ್ವಾ ಹುಲೀನ ಮನೆಗೆ ಕರೆದು ಉಪಚಾರ ಮಾಡಿದ್ದು."

"ನೀನೇನು ಬೇಕು ಅಂತ ಮಾಡಿದ್ಯಾ? ಒಳ್ಳೆ ಕೆಲಸ ಮಾಡಿದ್ದು ತಪ್ಪಾ?"

ಮಗಳು ಪುಸ್ತಕದಿಂದ ತಲೆಯೆತ್ತದೆಯೇ ಅಂದಳು: "ಅಮ್ಮ ಎಲ್ಲ ಕಡೇನೂ ಹಾಗೇ ಅಪ್ಪ. ಅತ್ತೆ ಬಂದಾಗ ಜ್ವರ ಇದ್ರೂ ಓಡಾಡ್ಕೊಂಡಿದ್ಲಲ್ಲ. ಅತ್ತೆ ಹೋಗೋವಾಗ ಏನಂದ್ರು? ನಿಮ್ಮ ಮನೇಲಿ ಕೆಲಸಾನೇ ಇಲ್ಲ ಬಿಡು, ಆರಾಮಾಗಿದೀಯ ಅಂತ."

ಗಂಡ ನಕ್ಕ. ಮಗಳೂ ನಕ್ಕಳು. ದೊಡ್ಡಕ್ಕನೂ ನಕ್ಕಳು, ಆದರೆ ಚಾಕು ಹಿಡಿದ ಕೈ ನಿಂತೇ ಇತ್ತು. ನಾದಿನಿ ಹಾಗೆ ಅಂದಾಗ ತನಗೆ ಬೇಸರವಾಗಿರಲಿಲ್ಲ, ಹೆಮ್ಮೆಯಾಗಿತ್ತು ಎಂಬುದು ನೆನಪಾಯಿತು. ಬೆವರು ಕಾಣಿಸದ ಹಾಗೆ ದುಡಿಯುವುದನ್ನೇ ಅವಳು ಚಿಕ್ಕಂದಿನಿಂದ ಜಾಣತನ ಎಂದು ಕಲಿತಿದ್ದಳು. ಅವಳ ತಾಯಿಯೂ ಹಾಗೇ ಇದ್ದಳು. ಒಲೆಯ ಮುಂದೆ ಎಷ್ಟು ಹೊತ್ತು ನಿಂತಿದ್ದರೂ ಬಾಗಿಲಲ್ಲಿ ಚಪ್ಪಲಿಯ ಸದ್ದಾದ ಕೂಡಲೇ ಮುಖ ತೊಳೆದು ಬರುತ್ತಿದ್ದಳು. ಅಡುಗೆ ತಾನಾಗೇ ಆಗುತ್ತದೆ ಎಂದು ಗಂಡಸರು ಅಂದುಕೊಂಡರೆ ಅದರಲ್ಲಿ ಅವರ ತಪ್ಪೇನಿದೆ ಎಂದು ದೊಡ್ಡಕ್ಕನಿಗೆ ಈಗ ಅನ್ನಿಸಿತು. ನಾವೇ ಅಲ್ಲವೇ ಹಾಗೆ ತೋರಿಸಿದ್ದು. ಆದರೆ ಅವರು ಒಂದು ಸಲವಾದರೂ ಅಡುಗೆಮನೆಗೆ ಬಂದು ನಿಂತಿದ್ದರೆ ಎಂದೂ ಅನ್ನಿಸಿತು. ಎರಡೂ ನಿಜವಿರಬಹುದು. ಅವಳು ಉಳಿದ ತರಕಾರಿಯನ್ನು ಹೆಚ್ಚಿ ಮುಗಿಸಿದಳು.

"ಏನ್ ಮಾಡ್ತೀಯ ಹಾಗಾದ್ರೆ?" ಗಂಡ ಕೇಳಿದ.

"ಗೊತ್ತಿಲ್ಲ," ಅಂದಳು. ಅದು ಸುಳ್ಳಾಗಿರಲಿಲ್ಲ.

ಗುರುವಾರ ಮೇಲಿನ ಮಹಡಿಯ ಕಾರಿಡಾರಿನಲ್ಲಿ, ಸಭಾಕೋಣೆಯ ಹೊರಗೆ, ಉದ್ದನೆಯ ಬೆಂಚಿನ ಮೇಲೆ ಅವರು ಕೂತರು. ದೊಡ್ಡಕ್ಕ, ರೇಡಿಯೋ, ಸೂಜಿಯಮ್ಮ. ಸೂಜಿಯಮ್ಮನನ್ನು ಯಾರೂ ಕರೆದಿರಲಿಲ್ಲ. ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಸಭೆಗೆ ಬಂದವಳಂತೆ ಬಂದು ಕೂತಿದ್ದಳು. ಬಲಗೈ ಮಡಿಲಲ್ಲಿ, ಅದರ ಮೇಲೆ ಎಡಗೈ.

"ನಿನ್ನ ಬಾಯಿಂದ ಬರದೇ ಇದ್ರೆ ನಾನೇ ಎದ್ದು ಹೇಳ್ತೀನಿ," ಅಂದಿದ್ದಳು ಮೆಟ್ಟಿಲು ಹತ್ತುವಾಗ.

ಅವರಿಗಿಂತ ಮುಂಚೆ ಆಸ್ಪತ್ರೆಯ ಅಡುಗೆಮನೆಯವರ ವಿಚಾರಣೆ ನಡೆಯುತ್ತಿತ್ತು. ಅವರ ಸಂಬಳಕ್ಕೂ ಕತ್ತರಿ ಬಿದ್ದಿತ್ತು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಿಂದ ಕಾರ್ಮಿಕ ಅಧಿಕಾರಿ ಕಾಣುತ್ತಿದ್ದರು. ವಯಸ್ಸಾದ ಹೆಂಗಸು, ನೆಗಡಿಯಾಗಿತ್ತು, ಮಾತಿನ ನಡುವೆ ಬಿಸಿನೀರು ಗುಟುಕರಿಸುತ್ತಿದ್ದರು. ಎದುರಿಗೆ ಒಬ್ಬ ಅಡುಗೆಯವನು ನಿಂತಿದ್ದ. ಅವನು ಅಡುಗೆ ಮಾಡುವುದು ಬಿಟ್ಟು ದಿನದ ಬಹುಪಾಲು ವಾರ್ಡುಗಳಿಗೆ ಊಟ ತಲುಪಿಸುತ್ತಿದ್ದನಂತೆ. ಅದು ಅವನ ಹುದ್ದೆಯ ಕೆಲಸವೇ ಅಲ್ಲ, ಅದಕ್ಕೆ ಸಂಬಳ ಯಾಕೆ ಎಂದು ಆಡಳಿತದ ವಕೀಲ ಕೇಳುತ್ತಿದ್ದ.

"ಊಟ ಹೊರೋಕೆ ನೀವಾಗೇ ಹೊರಟ್ರಾ, ಯಾರಾದ್ರೂ ಹಚ್ಚಿದ್ರಾ?" ಅಧಿಕಾರಿ ಕೇಳಿದರು.

"ನಮ್ಮ ಮೇಲ್ವಿಚಾರಕರು ಹಚ್ಚಿದ್ರು ಮೇಡಮ್."

"ಎಷ್ಟು ಕಾಲದಿಂದ?"

"ನೆನಪಿಲ್ಲ ಮೇಡಮ್. ಬಹಳ ಕಾಲದಿಂದ."

ಅಧಿಕಾರಿ ಮೂಗು ಒರೆಸಿಕೊಂಡು ವಕೀಲನ ಕಡೆ ತಿರುಗಿದರು. "ಮೇಲಿನವರು ಹಚ್ಚಿದ ಕೆಲಸವನ್ನ ಈತ ಇಷ್ಟು ಕಾಲ ಮಾಡಿದಾನೆ ಅಂದ್ರೆ ಅದೇ ಇವನ ಕೆಲಸ. ಅದಕ್ಕಾಗಿ ಇವನ ಸಂಬಳಾನೂ ಮುಟ್ಟೋ ಹಾಗಿಲ್ಲ, ಇವನನ್ನೂ ಮುಟ್ಟೋ ಹಾಗಿಲ್ಲ. ಹಚ್ಚೋ ಅಧಿಕಾರ ಇಲ್ದೆ ಹಚ್ಚಿದ್ರೆ ಆ ಮೇಲ್ವಿಚಾರಕರನ್ನ ಕೇಳಿ. ಅದು ಬೇರೆ ವಿಷಯ."

ಕೋಣೆಯೊಳಗೆ ಕುರ್ಚಿ ಸರಿದ ಸದ್ದಾಯಿತು. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯವರು ಹೊರಬಂದರು. ಅಡುಗೆಯವನ ಮುಖ ಅರಳಿತ್ತು. ಅವನ ಹಿಂದೆ ಅವರ ಮೇಲ್ವಿಚಾರಕ ಬಂದ. ದಪ್ಪನೆಯ, ಸದಾ ನಗುವ ಮನುಷ್ಯ. ಇಂದು ಯಾರ ಮುಖವನ್ನೂ ನೋಡದೆ, ಒಂದು ಕೈಯಿಂದ ಗೋಡೆಯನ್ನು ಮುಟ್ಟುತ್ತ ನಡೆದುಹೋದ. ದೊಡ್ಡಕ್ಕ ಅವನು ಕಾರಿಡಾರಿನ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

"ಇವನ ಕತೆ ಮುಗೀತು," ಅಂದಳು ರೇಡಿಯೋ ಪಿಸುದನಿಯಲ್ಲಿ. "ಭತ್ಯೆ ಕೀಳ್ತಾರೆ, ಮೇಲೊಂದು ಶಿಸ್ತುಕ್ರಮ. ಪಾಪ."

ದೊಡ್ಡಕ್ಕ ಬೇರೆ ಒಂದು ಬೆಳಗನ್ನು ನೆನೆಯುತ್ತಿದ್ದಳು. ಸೂಜಿಯಮ್ಮ ಮೊದಲ ಸಲ ಹೊಲಿಗೆ ಯಂತ್ರದ ಮುಂದೆ ಕೂತ ಬೆಳಗು. ಅವತ್ತು ಅವಳು ಟ್ರಾಲಿಯ ಹತ್ತಿರ ಬಂದು, ಕೈ ಚಾಚಿ, ಹಿಡಿಯಲಾರದೆ ನಿಂತಿದ್ದಳು. ಆಮೇಲೆ ಯಾರನ್ನೂ ಕೇಳದೆ ಮೂಲೆಗೆ ಹೋಗಿ, ಯಂತ್ರದ ದೂಳನ್ನು ಎಡಗೈಯಿಂದ ಒರೆಸಿ, ಹರಿದ ಬಟ್ಟೆಯ ಗಂಟಿನಿಂದ ಒಂದು ದಿಂಬಿನ ಚೀಲ ಎಳೆದುಕೊಂಡಿದ್ದಳು. ಆಗಷ್ಟೇ ಮೇಲ್ವಿಚಾರಕಿಯಾಗಿದ್ದ ದೊಡ್ಡಕ್ಕ ನೋಡಿದ್ದಳು, ನೋಡದವಳಂತೆ ಇದ್ದಳು. ರೇಡಿಯೋ ಬಂದು ಆ ಟ್ರಾಲಿಯನ್ನು ತಳ್ಳಿಕೊಂಡು ಹೋಗಿದ್ದಳು. ಕೂತುಕೋ ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಅದೊಂದು ಮಾತೇ ಆಗಿರಲಿಲ್ಲ. ಮಾತಾಗದೆ ಇದ್ದುದರಿಂದಲೇ ಅದು ಉಳಿದಿತ್ತು.

ಈಗ ಅದು ಮಾತಾಗಬೇಕು. ಮಾತಾಗಬೇಕೆಂದರೆ, ಆ ಅಡುಗೆಯವನಿಗೆ ಹೇಳಿದ ಹಾಗೆ, ಸೂಜಿಯಮ್ಮನಿಗೂ ಯಾರೋ ಒಬ್ಬರು ಅವತ್ತು ಹೇಳಿರಬೇಕು.

ಅವಳ ಕಣ್ಣ ಮುಂದೆ ಗಂಡನ ಮುಖ ಬಂತು. ಭತ್ಯೆಯನ್ನು ನಂಬಿ ಮಗಳ ಓದಿಗೆ ಮಾಡಿಕೊಂಡಿದ್ದ ಯೋಚನೆಗಳು ಬಂದವು. ಗೋಡೆ ಮುಟ್ಟುತ್ತ ಹೋದ ಆ ಮನುಷ್ಯನ ಕೈ ಬಂತು. ಹೆದರಿಕೆಯಾಯಿತು. ಅದು ಹೋಗಲೆಂದು ಅವಳು ಸ್ವಲ್ಪ ಹೊತ್ತು ಕಾದಳು. ಹೋಗಲಿಲ್ಲ. ಇರಲಿ ಎಂದುಕೊಂಡಳು.

ಪಕ್ಕದಲ್ಲಿ ಸೂಜಿಯಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿರುವವಳಂತೆ.

"ಸೂಜಿಯಮ್ಮ, ನೀವು ಕೂತೇ ಇರಿ," ಅಂದಳು ದೊಡ್ಡಕ್ಕ. "ಕೇಳಿದ್ರೆ ಮಾತ್ರ ಮಾತಾಡಿ. ನಾನು ಏನೇ ಹೇಳಿದ್ರೂ ನಡುವೆ ಬಾಯಿ ಹಾಕ್ಬೇಡಿ."

"ಯಾಕೆ, ಏನ್ ಹೇಳ್ತೀಯ?"

"ಮಾಮೂಲಿ ದಿನದ್ದು."

ಬಾಗಿಲು ತೆರೆದು ಡ್ರೈವರಣ್ಣ ತಲೆ ಹೊರಹಾಕಿದ. "ಬಟ್ಟೆ ವಿಭಾಗ, ಬನ್ನಿ ಬನ್ನಿ." ದೊಡ್ಡಕ್ಕನನ್ನು ನೋಡಿ ದನಿ ತಗ್ಗಿಸಿದ. "ಹೇಳೋದೆಲ್ಲ ನೆನಪಿದೆ ತಾನೆ? ಇದ್ದದ್ದು ಇದ್ದ ಹಾಗೆ."

"ನೆನಪಿದೆ," ಅಂದಳು.

ಎಲ್ಲವನ್ನೂ ಇದ್ದ ಹಾಗೆಯೇ ಹೇಳುವುದು, ಆ ಒಂದು ಬೆಳಗನ್ನು ಬಿಟ್ಟು. ಹೊತ್ತಿಗೆ ಮುಂಚೆ ಬಂದದ್ದು, ಓಡಿದ್ದು, ಕೂರದೆ ಇದ್ದದ್ದು, ಎಲ್ಲ ತನ್ನ ಮಾತಿನಂತೆ. ಅದು ನಿಜ. ಸೂಜಿಯಮ್ಮ ಯಂತ್ರದ ಮುಂದೆ ಕೂತದ್ದೂ ತನ್ನ ಮಾತಿನಂತೆ. ಅದನ್ನು ಇವತ್ತು ಈ ಕೋಣೆಯೊಳಗೆ ಅವಳು ನಿಜ ಮಾಡಬೇಕಿತ್ತು. ಸುಳ್ಳು ಹೇಳಲು ತನಗೆ ಮುಖವಿಲ್ಲವೆಂದು ಗೊತ್ತಿದ್ದರಿಂದ, ಹಾಗೆ ಹೇಳಿದ ಬೆಳಗನ್ನು ಅವಳು ಕೂತಲ್ಲೇ ಒಮ್ಮೆ ಬದುಕಿ ನೋಡಿದಳು. ಮೂಲೆಯ ಯಂತ್ರ, ದೂಳು, ಚಾಚಿ ನಿಂತ ಆ ಕೈ. ಸೂಜಿಯಮ್ಮ, ಇನ್ಮೇಲೆ ನೀವು ಅಲ್ಲಿ ಕೂತ್ಕೊಳ್ಳಿ, ಇದು ನನ್ನ ಆಜ್ಞೆ. ಅವತ್ತೇ ಹೇಳಬೇಕಿದ್ದ ಮಾತು ಎಂದು ಅವಳಿಗೆ ಅನ್ನಿಸಿತು.

ರೇಡಿಯೋ ಮುಂದೆ ನಡೆದಳು. ಸೂಜಿಯಮ್ಮ ಏಳಲು ಬೆಂಚಿನ ಅಂಚು ಹಿಡಿದಾಗ ದೊಡ್ಡಕ್ಕ ಅವಳ ಎಡತೋಳಿಗೆ ಕೈ ಕೊಟ್ಟಳು. ತಲೆಗೂದಲನ್ನು ಹಿಂದಕ್ಕೆ ಸರಿಸಿಕೊಂಡು, ಒಳಗೆ ಹೋದಳು.